ದ್ರಾಕ್ಷಾಯಣಮ್ಮನವರೂ ಹಲ್ಲು ಮೂಡಿದ ಗಂಟೂ

ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವಾಗ ದ್ರಾಕ್ಷಾಯಣಮ್ಮನವರು ಕಣ್ಣು ಮುಚ್ಚುತ್ತಾರೆ, ತಲೆಯನ್ನು ಎಡಕ್ಕೆ ವಾಲಿಸುತ್ತಾರೆ, ಮತ್ತು ಆ ಒಂದು ಗಳಿಗೆ ಎದುರಿಗಿರುವವರು ಬ್ಯಾಂಕಿನ ಮ್ಯಾನೇಜರೇ ಆಗಲಿ ಮಠದಿಂದ ಬಂದ ಅಯ್ಯನವರೇ ಆಗಲಿ ಮಾತು ನಿಲ್ಲಿಸಿ ಕಾಯಬೇಕು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಕಾಯಿ ಬಲಕ್ಕೆ, ಸುಲಿಯುವ ರಾಶಿಗೆ ಬೀಳುತ್ತದೆ; ಕುಳುಕ್ ಎಂದರೆ ಎಡಕ್ಕೆ ಬಿದ್ದು ಮತ್ತೆ ಅಟ್ಟ ಸೇರುತ್ತದೆ. "ಇನ್ನೂ ನೀರೈತೆ" ಎಂಬುದು ಅವರ ತೀರ್ಪು, ಅದಕ್ಕೆ ಮೇಲ್ಮನವಿ ಇಲ್ಲ. ಹೊನ್ನವಳ್ಳಿಯ ಸುತ್ತಮುತ್ತ ಕಾಯಿ ಅಲ್ಲಾಡಿಸಿ ನೋಡುವ ಹೆಂಗಸರು ಮನೆಗೊಬ್ಬರು ಸಿಗುತ್ತಾರೆ, ಆದರೆ ಅದೇ ಕಿವಿಯಿಂದ ಮನುಷ್ಯರ ಮಾತನ್ನೂ ಅಲ್ಲಾಡಿಸಿ ನೋಡುವವರನ್ನು ನಾನು ಕಂಡಿರುವುದು ಇವರೊಬ್ಬರನ್ನೇ.

ಸಂಬಂಧದಲ್ಲಿ ಅವರು ನನಗೆ ಅತ್ತಿಗೆ, ನನ್ನ ದೊಡ್ಡಪ್ಪ ಕಾಡಸಿದ್ದಪ್ಪನವರ ಮಗ ರೇಣುಕಪ್ರಸಾದಣ್ಣನ ಹೆಂಡತಿ. ನಾನು ತಿಪಟೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನಾದ್ದರಿಂದ ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ಆ ಸಂಬೋಧನೆಯಲ್ಲಿ ಗೌರವ ಎಷ್ಟಿದೆ, ಗೇಲಿ ಎಷ್ಟಿದೆ ಎಂಬುದು ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ನನ್ನ ತಂಗಿಗೆ ತುರುವೇಕೆರೆ ಕಡೆಯ ಗಂಡೊಂದನ್ನು ತಂದ ದಲ್ಲಾಳಿ, ಹುಡುಗನ ಗುಣವನ್ನು ಅರ್ಧ ಗಂಟೆ ಬಣ್ಣಿಸಿ ಕಾಫಿಗೆ ಕೈಯಿಟ್ಟಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಇಡೀ ವರ್ಣನೆಗೆ ಎರಡೇ ಮಾತಿನ ಉತ್ತರ ಕೊಟ್ಟಿದ್ದರು: "ನೀರೈತೆ, ಬುಡಿ." ದಲ್ಲಾಳಿಗೆ ಅರ್ಥವಾಗಲಿಲ್ಲ. ನಮಗೆಲ್ಲ ಆಯಿತು, ಸಂಬಂಧ ಅಲ್ಲಿಗೇ ನಿಂತಿತು. ಆ ಹುಡುಗ ಆಮೇಲೆ ಒಳ್ಳೆಯವನೇ ಆಗಿ ಬಾಳಿದ ಎಂಬುದನ್ನು ನಾನು ನ್ಯಾಯಕ್ಕಾಗಿ ಇಲ್ಲಿ ಸೇರಿಸಬೇಕು. ಅತ್ತಿಗೆಯ ಕಿವಿ ಪ್ರಸಿದ್ಧವಾದದ್ದೇ ಹೊರತು ಪರಿಪೂರ್ಣವಾದದ್ದೇನಲ್ಲ.

ನಡಿಗೆಯನ್ನು ನೋಡಿದರೆ ಅವರು ಎಲ್ಲಿ ಬಾಳುವೆ ಮಾಡಿದವರೆಂದು ತಿಳಿಯುತ್ತದೆ. ಅಟ್ಟದ ಮೇಲೆ ತೊಲೆಗೆ ತಲೆ ತಾಗದಂತೆ ಬಗ್ಗಿ ಓಡಾಡಿದ ಅಭ್ಯಾಸ ನೆಲಕ್ಕಿಳಿದ ಮೇಲೂ ಬಿಡದೆ, ಬಯಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಕಾಶವೇ ಸೂರಾಗಿರುವಲ್ಲಿ ಕೂಡ ಕತ್ತನ್ನು ಕೊಂಚ ತಗ್ಗಿಸಿಯೇ ನಡೆಯುತ್ತಾರೆ. ಗೊತ್ತಿಲ್ಲದವರು ವಿನಯವೆಂದುಕೊಳ್ಳುತ್ತಾರೆ, ಮಾತು ಆರಂಭವಾದ ಮೇಲೆ ಆ ಭ್ರಮೆ ಹರಿಯುತ್ತದೆ. ಸೀರೆಯ ಮೇಲೆ ಸದಾ ಗಂಡನ ಹಳೆಯ ತುಂಬುತೋಳಿನ ಶರ್ಟು. ಅದರ ಜೇಬಿನಲ್ಲಿ ಒಂದೆರಡು ಚೂರು ಕೊಬ್ಬರಿ, ಒಂದು ತುಂಡು ಬೆಲ್ಲ. ಮದುವೆಮನೆಗೆ ಹೊರಡುವಾಗ ಮಾತ್ರ ಆ ಶರ್ಟನ್ನು ಬಿಚ್ಚಿ ಗೂಟಕ್ಕೆ ಹಾಕುತ್ತಾರೆ, ಹಾಕುವಾಗ ಅವರ ಮುಖ ರಜೆ ಮುಗಿಯುವುದನ್ನೇ ಕಾಯುವವರ ಮುಖದಂತಿರುತ್ತದೆ.

ಹೊರಗಿನವರಿಗಾಗಿ ಅಟ್ಟದ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆ ಬಲಿತ ಕಾಯನ್ನು ಕೂಡಲೇ ಒಡೆಯುವುದಿಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತನ್ನಷ್ಟಕ್ಕೆ ತಾನು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುವ ತನಕ ಹೆಚ್ಚೂಕಡಿಮೆ ವರ್ಷವಿಡೀ ಕಾಯುತ್ತೇವೆ. ನಡುವೆ ಒಡೆದರೆ ಅದು ಅಡುಗೆಗೆ ಬರುವ ಕಾಯೂ ಅಲ್ಲ, ಮಾರ್ಕೆಟ್ಟಿಗೆ ಹೋಗುವ ಕೊಬ್ಬರಿಯೂ ಅಲ್ಲ. ಧಾರಣೆ ಏರಿದ ಒಂದು ವರ್ಷ ಊರಿಗೆ ಊರೇ ಅವಸರಪಟ್ಟು ಅಟ್ಟ ಇಳಿಸಿದಾಗ ರೇಣುಕಪ್ರಸಾದಣ್ಣ ಏಣಿಯ ಬುಡದಲ್ಲಿ ನಿಂತು ಕೈ ಮುಗಿದು ಕೇಳಿಕೊಂಡರೂ ಅತ್ತಿಗೆ ಒಂದು ಕಾಯಿ ಕೊಡಲಿಲ್ಲ. "ಒಣಗೋದು ಅದರ ಕೆಲ್ಸ, ಕಾಯೋದು ನಮ್ಮ ಕೆಲ್ಸ. ಅದರ ಕೆಲ್ಸಕ್ಕೆ ನಾವ್ಯಾಕೆ ಕೈ ಹಾಕಾನ?" ಎಂದಿದ್ದರು. ಈ ಮಾತು ಅವರ ಇಡೀ ಜೀವನಶಾಸ್ತ್ರ. ಜ್ವರಕ್ಕೂ ಜಗಳಕ್ಕೂ ಕೋರ್ಟಿನ ನೋಟೀಸಿಗೂ ಅವರಲ್ಲಿದ್ದದ್ದು ಈ ಒಂದೇ ಔಷಧ, ಮತ್ತು ಅದು ಬಹುಪಾಲು ಕೆಲಸ ಮಾಡುತ್ತಿತ್ತು ಎಂಬುದೇ ಮುಂದಿನ ಅನಾಹುತಕ್ಕೆ ಕಾರಣವಾಯಿತು.

ಅವರಿಗೆ ಮಕ್ಕಳಾಗಲಿಲ್ಲ. ಮೊದಮೊದಲು ತುಮಕೂರಿಗೂ ಹಾಸನಕ್ಕೂ ಹೋಗಿ ತೋರಿಸಿದರು, ಎಡೆಯೂರಿಗೆ ಹರಕೆ ಹೊತ್ತರು. ಆಮೇಲೆ ಒಂದು ದಿನ ಇಬ್ಬರೂ ಏನೂ ಮಾತಾಡಿಕೊಳ್ಳದೆ ಹೋಗುವುದನ್ನು ನಿಲ್ಲಿಸಿದರು. ನಮ್ಮ ಜನರಲ್ಲಿ ಬಸುರಿಗೆ ಎಂಟನೆಯ ತಿಂಗಳು ತುಂಬುವಾಗ ಹೊಟ್ಟೆಯೊಳಗಿನ ಕೂಸಿಗೇ ಲಿಂಗಧಾರಣೆ ಮಾಡಿಸುವ ಶಾಸ್ತ್ರವಿದೆ. ಅಂಥ ದಿನ ಅತ್ತಿಗೆ ಕರೆದರೆ ಹೋಗುತ್ತಿದ್ದರು, ಹೋಗಿ ಹಿತ್ತಲಿನಲ್ಲಿ ಕೂತು ಕಾಯಿ ತುರಿಯುತ್ತಿದ್ದರು, ಒಳಗೆ ಬಾ ಎಂದು ಯಾರೂ ಅನ್ನುತ್ತಿರಲಿಲ್ಲ, ಅವರೂ ಏಳುತ್ತಿರಲಿಲ್ಲ. ಈ ವಿಷಯದಲ್ಲಿ ಅವರ ಬಾಯಿಂದ ಒಂದು ಮಾತೂ ಬಂದದ್ದನ್ನು ನಾನು ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ, ಯಾವುದೋ ಜ್ವರಕ್ಕೆಂದು ತಿಪಟೂರಿಗೆ ಬಂದಾಗ ಮಾಡಿದ ಸ್ಕ್ಯಾನಿಂಗಿನಲ್ಲಿ ಬಲಗಡೆಯ ಅಂಡಾಶಯದಲ್ಲಿ ಮೂಸಂಬಿ ಗಾತ್ರದ ಗಂಟೊಂದು ಕಂಡಿತು. ತೆಗೆಸಿಬಿಡುವುದು ಒಳ್ಳೆಯದು ಎಂದು ನೋಡಿದ ವೈದ್ಯರು ಅಲ್ಲೇ ಹೇಳಿದರು. ಅತ್ತಿಗೆ ತಲೆಯಾಡಿಸಿ, ಮನೆಗೆ ಬಂದು, ಶರ್ಟು ತೊಟ್ಟು ಅಟ್ಟ ಹತ್ತಿದರು. ನಾನು ಕೇಳಿದ್ದಕ್ಕೆ, "ನೋವಿಲ್ಲ, ಉರಿಯಿಲ್ಲ. ಒಳಗಿರೋ ವಸ್ತು, ತಾನೇ ಒಣಗ್ತದೆ ಬುಡಿ ಮೇಷ್ಟ್ರೆ. ನಡುವೆ ಒಡೆದ್ರೆ ಕೆಡ್ತದೆ" ಎಂದರು. ಮುಂದಿನ ದಿನಗಳಲ್ಲಿ ಅವರು ಮಾಡಿದ್ದನ್ನು ಹೇಳಿದರೆ ನೀವು ನಗುತ್ತೀರಿ, ನಾವೂ ನಕ್ಕಿದ್ದೆವು. ಯಾರೂ ಇಲ್ಲದ ವೇಳೆ ನೋಡಿ, ಬಲಗೈಯನ್ನು ಕಿಬ್ಬೊಟ್ಟೆಯ ಮೇಲೊತ್ತಿ, ಸೊಂಟವನ್ನು ಅತ್ತಿತ್ತ ತೂಗಿ, ತಲೆಯನ್ನು ಎಡಕ್ಕೆ ವಾಲಿಸಿ ಅವರು ತಮ್ಮ ಹೊಟ್ಟೆಯ ಸದ್ದಿಗೆ ಕಿವಿಗೊಡುತ್ತಿದ್ದರು. ಅಂಗಳದಲ್ಲಿ ಕೊಬ್ಬರಿ ಒಡೆಯುವ ಹುಚ್ಚಕ್ಕ ಒಮ್ಮೆ ಇದನ್ನು ಕಂಡು, "ಏನಮ್ಮಾರೆ, ಕಾಯಾಯ್ತಾ ಕೊಬ್ರಿಯಾಯ್ತಾ?" ಎಂದು ಕೇಳಿದ್ದಳಂತೆ. ಅತ್ತಿಗೆ ಗಂಭೀರವಾಗಿಯೇ ಉತ್ತರಿಸಿದ್ದರಂತೆ, "ಇನ್ನೂ ನೀರೈತೆ."

ಹೋದ ಮಾಘದಲ್ಲಿ, ಹಾಡುಹಗಲು, ಅಟ್ಟದ ಮೇಲೆ ಕಾಯಿ ಹೊರಳಿಸುತ್ತಿದ್ದವರು ಒಮ್ಮೆಲೇ ಕೂಗಿಕೊಂಡು ಬಿದ್ದರು. ನೋವು ಎಂದರೆ ಏನೆಂದು ಬಲ್ಲ ಹೆಂಗಸು, ಚೇಳು ಕುಟುಕಿದಾಗಲೂ ಬಾಯಿ ಬಿಡದವರು, ಅಂದು ಇಟ್ಟ ಕೂಗಿಗೆ ಬೀದಿಯ ಜನ ಸೇರಿದರು. ಕಡಿದಾದ ಏಣಿಯಲ್ಲಿ ಅವರನ್ನು ಹೊತ್ತಿಳಿಸುವಂತಿರಲಿಲ್ಲ. ರೇಣುಕಪ್ರಸಾದಣ್ಣನೂ ಹುಚ್ಚಕ್ಕನೂ ಜಮಖಾನೆಯಲ್ಲಿ ಮಲಗಿಸಿ ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ಕಾಯಿ ಇಳಿಸುವ ಕಿಂಡಿಯಿಂದ ಮೆಲ್ಲಗೆ ಕೆಳಗಿಳಿಸಿದರು. ಹಲ್ಲು ಕಚ್ಚಿ ನರಳುತ್ತಿದ್ದವರು ಹಾಗೆ ಇಳಿಯುವಾಗಲೂ ತೋರುಬೆರಳೆತ್ತಿ, "ಆ ಸಾಲು ಮುಟ್ಬ್ಯಾಡ್ರಿ, ಅದಿನ್ನೂ ಆಗಿಲ್ಲ" ಎಂದು ಅಪ್ಪಣೆ ಕೊಟ್ಟರಂತೆ. ತಿಪಟೂರಿನ ನರ್ಸಿಂಗ್ ಹೋಮಿಗೆ ಮುಟ್ಟುವ ಹೊತ್ತಿಗೆ ಅಪ್ಪಣೆ ಕೊಡುವ ಶಕ್ತಿಯೂ ಉಳಿದಿರಲಿಲ್ಲ.

ಡಾಕ್ಟರ್ ಗಿರಿಜಾಂಬಿಕಾ ಅವರು ಕೈಯಿಟ್ಟು ನೋಡಿ, ಗಂಟಿನ ಭಾರಕ್ಕೆ ಅಂಡಾಶಯ ತನ್ನ ತೊಟ್ಟಿನ ಸುತ್ತ ತಾನೇ ತಿರುಚಿಕೊಂಡಿದೆ, ಅದಕ್ಕೆ ರಕ್ತ ಹೋಗುತ್ತಿಲ್ಲ, ಈಗಲೇ ಆಪರೇಷನ್ ಆಗಬೇಕು ಎಂದರು. ಆಯಿತು. ಜೀವ ಉಳಿಯಿತು, ಎಡಗಡೆಯ ಅಂಡಾಶಯವೂ ಉಳಿಯಿತು. ಬಲಗಡೆಯದು ಕಪ್ಪಿಟ್ಟುಹೋಗಿದ್ದರಿಂದ ಗಂಟಿನೊಂದಿಗೇ ಹೋಯಿತು. ನಮ್ಮ ಆಸ್ಪತ್ರೆಗಳಲ್ಲಿ ತೆಗೆದದ್ದನ್ನು ಮನೆಯವರಿಗೆ ತೋರಿಸುವ ರೂಢಿಯಿದೆ, ಸುಮ್ಮನೆ ಕೊಯ್ದಿಲ್ಲ ಎಂಬುದಕ್ಕೆ ಸಾಕ್ಷಿಯ ಹಾಗೆ. ಸಿಸ್ಟರ್ ಸ್ಟೀಲ್ ತಟ್ಟೆಯೊಂದನ್ನು ಹಿಡಿದು ಹೊರಗೆ ಬಂದರು. ಸೀಳಿದ ಗಂಟಿನೊಳಗೆ ಹೆಪ್ಪುಗಟ್ಟಿದ ತುಪ್ಪದಂಥ ಹಳದಿ ಜಿಡ್ಡು ತುಂಬಿತ್ತು. ಅದರ ನಡುವೆ ಒಂದು ಹಿಡಿ ಕಪ್ಪು ಕೂದಲು, ಮನುಷ್ಯರ ಕೂದಲೇ, ಸಿಕ್ಕುಸಿಕ್ಕಾಗಿ ಮುದ್ದೆಗಟ್ಟಿತ್ತು. ಒಂದು ಅಂಚಿನಲ್ಲಿ, ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ, ಬೆಳ್ಳಗಿನ ಒಂದು ಹಲ್ಲು. ನಾನು ಗೋಡೆ ಹಿಡಿದುಕೊಂಡೆ. ರೇಣುಕಪ್ರಸಾದಣ್ಣ ಗೋಡೆಯನ್ನೂ ಹಿಡಿಯಲಿಲ್ಲ, ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಹೊರಬಂದ ಡಾಕ್ಟರು, "ಇದು ಮಗು ಅಲ್ಲ ಕಣ್ರೀ, ಒಂದು ಜಾತಿ ಗಡ್ಡೆ. ಲ್ಯಾಬಿಗೆ ಕಳಿಸ್ತೀನಿ, ರಿಪೋರ್ಟ್ ಬರಲಿ, ವಿವರವಾಗಿ ಹೇಳ್ತೀನಿ" ಎಂದು ಯಾವುದೋ ಹೆರಿಗೆಗೆ ಓಡಿದರು. ಅವರ ಮಾತಿನಲ್ಲಿ ಅಣ್ಣನ ಕಿವಿಗೆ ಬಿದ್ದದ್ದು 'ಮಗು' ಎಂಬುದೊಂದೇ ಎಂದು ಅಣ್ಣನ ಮುಖ ನೋಡಿದಾಗ ನನಗೆ ತಿಳಿಯಿತು.

ಅತ್ತಿಗೆಗೆ ಹೇಳುವುದು ಬೇಡ ಎಂದು ಅಣ್ಣ ನಿಶ್ಚಯಿಸಿದರು. ಎಚ್ಚರವಾದ ಮೇಲೆ ಅತ್ತಿಗೆ ಕೇಳಿದ್ದಕ್ಕೆ, "ಏನಿಲ್ಲ ಕಣೇ, ಬರೀ ನೀರಿನ ಗಂಟು" ಎಂದರು. ಅತ್ತಿಗೆ ದಿಂಬಿನ ಮೇಲೆಯೇ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ, "ನೀರಿರೋದು ನಿಮ್ಮ ಮಾತಲ್ಲಿ" ಎಂದು ಗೋಡೆಗೆ ತಿರುಗಿದರು.

ಗುಟ್ಟನ್ನು ಒಡೆದದ್ದು ಹುಚ್ಚಕ್ಕ. ಮನೆಗೆ ಕರೆತಂದ ಮರುದಿನ ಗಂಜಿ ಕಾಯಿಸಿಕೊಡಲು ಬಂದವಳು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲದೆ, ಕಣ್ಣಲ್ಲಿ ನಿಜವಾದ ನೀರು ತುಂಬಿಕೊಂಡು, "ಕೂದ್ಲೆಲ್ಲಾ ಬಂದಿತ್ತಂತೆ, ಹಲ್ಲು ಮೂಡಿತ್ತಂತೆ. ಯಾವಾಗಿನ್ ಕೂಸೋ ಏನೋ, ಹೊರಕ್ಕೆ ಬರಕ್ಕೆ ದಾರಿ ಸಿಗ್ದೆ ಒಳಗೇ ಒಣಗೋಯ್ತಲ್ಲ ಅಮ್ಮಾರೆ!" ಎಂದಳು. ಒಣಗಿಹೋಯಿತು ಎಂಬುದು ಅವಳಿಗೆ ಬಾಯಿಗೆ ಬಂದ ಮಾತು. ಆದರೆ ಆ ಮನೆಯಲ್ಲಿ ಒಣಗಿಸುವವರು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಂದಿನಿಂದ ಅತ್ತಿಗೆ ಮಾತು ಬಿಟ್ಟರು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದರು. ಅಟ್ಟದಿಂದ ಇಳಿಸಿದ ಕಾಯನ್ನು ಅಣ್ಣ ಕೈಗಿಟ್ಟರೆ ಅಲ್ಲಾಡಿಸದೆ ಹಾಗೇ ಕೆಳಗಿಡುತ್ತಿದ್ದರು. ಇದನ್ನು ನೋಡಿದಾಗ ನನಗೆ ನಿಜವಾಗಿ ಭಯವಾಯಿತು. ಒಂದು ಸಂಜೆ ನಾನು ಹೋದಾಗ ಜಗಲಿಯ ಕಂಬಕ್ಕೊರಗಿ ಕೂತಿದ್ದವರು, ಕುಶಲಪ್ರಶ್ನೆಗೂ ಎಡೆಗೊಡದೆ, ಬಹಳ ದಿನದಿಂದ ಒಳಗೇ ತಿರುವಿ ತಿರುವಿ ಸವೆಸಿದ್ದ ಪ್ರಶ್ನೆಯನ್ನು ಹೊರಗಿಟ್ಟರು.

"ಅದು ಕೂಸಾಗಿದ್ರೆ, ಡಾಕ್ಟ್ರು ತೆಗಿ ಅಂದಾಗ ತೆಗೆಸ್ದೆ ನಾನೇ ಅದನ್ನ ಒಣಗಿಸ್ದೆ. ಹೌದಾ ಅಲ್ವಾ? ನೀವು ಓದ್ದೋರು, ಹೇಳಿ."

ನಾನು ಕನ್ನಡದ ಮೇಷ್ಟ್ರು. ಪ್ರಕೃತಿಯ ಲೀಲೆ, ಸೃಷ್ಟಿಯ ವೈಚಿತ್ರ್ಯ, ವಿಧಿಯ ಅಗಮ್ಯ ಸಂಕಲ್ಪ ಎಂದೇನೇನೋ ತೊಡಗಿದೆ. ಅವರು ಕೈಯೆತ್ತಿ ತಡೆದರು. "ಕತೆ ಬ್ಯಾಡ ಮೇಷ್ಟ್ರೆ. ಗೊತ್ತಿಲ್ಲ ಅನ್ನಿ, ಸಾಕು. ಗೊತ್ತಿರೋರ ಹತ್ರ ಕರ್ಕೊಂಡೋಗಿ." ನನಗೆ ಬಂದ ಕೋಪ ಅವರ ಮೇಲಲ್ಲ, ನನ್ನ ಶಬ್ದಭಂಡಾರದ ಮೇಲೆ.

ಹೊಲಿಗೆ ತೋರಿಸುವ ದಿನವೇ ಲ್ಯಾಬಿನ ವರದಿಯೂ ಬಂದಿತ್ತು. ತೋಟದಲ್ಲಿ ಕೆಲಸವಿದೆಯೆಂದು ಅಣ್ಣ ಬರಲಿಲ್ಲ. ನಾನು ಕರೆದುಕೊಂಡು ಹೋದೆ. ಗಿರಿಜಾಂಬಿಕಾ ಅವರು ಚಿಕ್ಕನಾಯಕನಹಳ್ಳಿ ಕಡೆಯವರು, ತೆಂಗಿನ ತೋಟದ ಮನೆಯಲ್ಲೇ ಬೆಳೆದವರು, ಗದರುವ ಸ್ವಭಾವ. ಅತ್ತಿಗೆಯ ಪ್ರಶ್ನೆ ಕೇಳಿದ ಮೇಲೆ ಮಾತ್ರ ಗದರಲಿಲ್ಲ. ಬಾಗಿಲು ಹಾಕಿಸಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

"ನೋಡಮ್ಮ, ಹೆಣ್ಣುಮಗು ಹುಟ್ಟೋವಾಗಲೇ ಅದರ ಹೊಟ್ಟೇಲಿ ಮುಂದಿನ ಮೊಟ್ಟೆಗಳೆಲ್ಲ ಇರ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದೊಂದಕ್ಕೂ ಚರ್ಮ, ಕೂದಲು, ಹಲ್ಲು, ಮೂಳೆ ಎಲ್ಲಾ ಮಾಡೋ ಶಕ್ತಿ ಇರುತ್ತೆ. ಗಂಡಸಿನ ಜೀವಾಣು ಸೇರಿದಾಗ ಆ ಶಕ್ತಿ ಒಂದು ಕ್ರಮದಲ್ಲಿ ನಡೆದು ಮಗು ಆಗುತ್ತೆ. ಎಲ್ಲೋ ಅಪರೂಪಕ್ಕೆ ಒಂದು ಮೊಟ್ಟೆ ಯಾರೂ ಸೇರದೆ ತಾನೊಂದೇ ಶುರು ಮಾಡ್ಕೊಂಡುಬಿಡುತ್ತೆ. ಅದಕ್ಕೆ ಕ್ರಮ ಗೊತ್ತಿಲ್ಲ. ಇಲ್ಲೊಂದಿಷ್ಟು ಕೂದಲು, ಅಲ್ಲೊಂದು ಹಲ್ಲು, ಒಂದಿಷ್ಟು ಜಿಡ್ಡು. ಹೃದಯ ಇಲ್ಲ, ಮುಖ ಇಲ್ಲ, ಜೀವ ಇಲ್ಲ. ಎಷ್ಟು ವರ್ಷ ಬಿಟ್ಟರೂ ಅದು ಮಗು ಆಗಲ್ಲ. ಯಾವತ್ತೂ ಮಗು ಆಗಿರಲಿಲ್ಲ."

"ಅದರಾಗೆ ನಮ್ಮೆಜಮಾನ್ರುದು ಏನೂ ಇರ್ಲಿಲ್ವಾ?"

"ಇಲ್ಲ. ಇದ್ದದ್ದೆಲ್ಲ ನಿಮ್ಮದೇ. ಮದುವೆಗೆ ಮುಂಚೆಯಿಂದಲೂ ಇದ್ದಿರಬಹುದು. ಮದುವೆ ಆಗದ ಹುಡುಗಿಯರಲ್ಲೂ ತೆಗೆದಿದ್ದೀನಿ, ನಾಲ್ಕು ಹೆತ್ತವರಲ್ಲೂ ತೆಗೆದಿದ್ದೀನಿ. ಯಾರದ್ದೂ ಶಾಪ ಅಲ್ಲ, ಮಾಟ ಅಲ್ಲ, ನಡತೆಗೂ ಸಂಬಂಧ ಇಲ್ಲ."

ಅದಕ್ಕೆ ಹೆಸರೇನು ಎಂದು ಅತ್ತಿಗೆ ಕೇಳಿದರು. ಟೆರಟೋಮಾ ಎಂದರು ಡಾಕ್ಟರು. ಹಾಗೆಂದರೇನು ಎಂದು ಬಿಡದೆ ಕೇಳಿದ್ದಕ್ಕೆ, ಹಿಂದಿನ ಕಾಲದ ವೈದ್ಯರು ವಿಕಾರವಾದದ್ದು, ರಾಕ್ಷಸಾಕಾರದ್ದು ಎಂಬರ್ಥದಲ್ಲಿ ಇಟ್ಟ ಹೆಸರು ಎಂದು ಸಂಕೋಚದಿಂದಲೇ ಒಪ್ಪಿಕೊಂಡರು. "ಪಾಪ, ಅವ್ರೂ ಹೆದ್ರಿದ್ರು ಅನ್ಸುತ್ತೆ" ಎಂದರು ಅತ್ತಿಗೆ. ವರದಿಯಲ್ಲಿ ಗಂಟು ಪೂರ್ತಿ ಬಲಿತದ್ದೆಂದು ಬಂದಿದೆ, ಇಂಥವುಗಳಲ್ಲಿ ಎಳೆಯದೇ ಅಪಾಯ, ಬಲಿತದ್ದರಿಂದ ಭಯವಿಲ್ಲ, ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದಾಗ ಮಾತ್ರ ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು. ಎಳೆಯದನ್ನು ನಂಬಬಾರದೆಂಬುದು ಅವರಿಗೆ ಹೊಸ ವಿಷಯವೇನಾಗಿರಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು, ಅವರ ಸ್ಥಾನದಲ್ಲಿದ್ದರೆ, ನಾನು ಕೇಳುತ್ತಿರಲಿಲ್ಲ. ತಪ್ಪಿಲ್ಲವೆಂದು ಬಿಡುಗಡೆಯಾದವನು ಮತ್ತೆ ಕಟಕಟೆ ಹತ್ತುವುದುಂಟೇ?

"ಮೊದ್ಲೇ ಬಂದಿದ್ರೆ?"

ಡಾಕ್ಟರು ಅವರ ಮುಖ ನೋಡಿದರು. "ಮೊದಲೇ ಬಂದಿದ್ದರೆ ಗಂಟು ಮಾತ್ರ ಬಿಡಿಸಿ ಅಂಡಾಶಯ ಉಳಿಸೋಕೆ ಆಗ್ತಿತ್ತೇನೋ. ಅಷ್ಟು ನೋವು ತಿನ್ನಬೇಕಾಗಿರಲಿಲ್ಲ. ಇನ್ನೂ ತಡ ಆಗಿದ್ದರೆ ನೀವೇ ಇರ್ತಿರಲಿಲ್ಲ. ಕಾದಿದ್ದು ತಪ್ಪು ಕಣಮ್ಮ. ಮಗುವಿನ ವಿಷಯದಲ್ಲಿ ಮಾತ್ರ ನಿಮ್ಮ ತಪ್ಪೇನೂ ಇಲ್ಲ."

ಅತ್ತಿಗೆ ಕಣ್ಣು ಮುಚ್ಚಿದರು. ತಲೆ ಎಡಕ್ಕೆ ವಾಲಿತು. ಆ ಕೋಣೆಯಲ್ಲಿ ಡಾಕ್ಟರೂ ನಾನೂ ಕಾದೆವು. "ಸರಿ" ಎಂದರು ಕೊನೆಗೆ. "ಕಾದಿದ್ದು ನನ್ ತಪ್ಪು, ಅದನ್ನ ನಾನು ಹೊತ್ಕೋತೀನಿ. ಆ ಇನ್ನೊಂದನ್ನ ಹೊರಲ್ಲ." ಏಳುವಾಗ ಡಾಕ್ಟರು ಏನೋ ನೆನಪಾದವರಂತೆ, "ನಿಮ್ಮ ಯಜಮಾನರು ನಿನ್ನೆ ಬಂದು ಲ್ಯಾಬಿನಿಂದ ಅದನ್ನ ಕೊಡಿಸಿ ಅಂತ ಕೇಳಿದರು. ಯಾಕೆ ಅಂತ ಹೇಳಲಿಲ್ಲ. ನಿಮ್ಮನ್ನ ಕೇಳಿ ಅಂತ ಹೇಳಿ ಕಳಿಸಿದೆ" ಎಂದರು. ಅತ್ತಿಗೆ ಕಾರಿನಲ್ಲಿ ಕೂತ ಮೇಲೆ, ಮನೆಗಲ್ಲ, ನೇರ ತೋಟಕ್ಕೆ ಬಿಡಿ ಎಂದರು.

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ತೋಟವಿದ್ದವರು ತಮ್ಮ ತೋಟದಲ್ಲೇ, ತಾವು ಬೆಳೆಸಿದ ಮರಗಳ ನಡುವೆ ಮಣ್ಣು ಮಾಡುತ್ತಾರೆ. ದಿನವೂ ನೀರು ಬಿಡಲು ಹೋಗುವವರು ಹಿರಿಯರ ಗದ್ದುಗೆಯ ಮೇಲೆ ಊಟದ ಬುತ್ತಿಯಿಟ್ಟು ಕೆಲಸಕ್ಕಿಳಿಯುತ್ತಾರೆ. ನನ್ನ ದೊಡ್ಡಮ್ಮನ ಗದ್ದುಗೆಯ ಪಕ್ಕದಲ್ಲಿ, ಮೊಳದುದ್ದದ ಒಂದು ಗುಂಡಿ ಹೊಸದಾಗಿ ತೋಡಿತ್ತು. ಅಂಚನ್ನು ಕೈಯಿಂದ ತಟ್ಟಿ ನುಣುಪು ಮಾಡಿತ್ತು. ಬಾಳೆಯೆಲೆಯ ಮೇಲೆ ವಿಭೂತಿಗಟ್ಟಿ, ಬಿಲ್ವಪತ್ರೆ, ಮಡಿಸಿದ ಬಿಳಿಯ ಬಟ್ಟೆಯ ತುಂಡು. ದೊಡ್ಡಪ್ಪ ಕಾಡಸಿದ್ದಪ್ಪನವರು ಕಲ್ಲಿನ ಮೇಲೆ ಕೂತಿದ್ದರು, ಅಣ್ಣ ಗುದ್ದಲಿಯ ಕಾವನ್ನು ಹಿಡಿದು ನಿಂತಿದ್ದರು. ಹೊಟ್ಟೆಯ ಹೊಲಿಗೆಯನ್ನು ಅಂಗೈಯಲ್ಲಿ ಅದುಮಿಕೊಂಡು, ಕತ್ತು ತಗ್ಗಿಸಿ, ಮೆಲ್ಲಗೆ ಬರುತ್ತಿದ್ದ ಹೆಂಡತಿಯನ್ನು ಕಂಡು ಅವರು ಕದ್ದು ಸಿಕ್ಕಿಬಿದ್ದವರ ಹಾಗೆ ಗುದ್ದಲಿಯನ್ನು ಕೆಳಗೆ ಹಾಕಿದರು.

"ಮಗು ಅಲ್ವಂತೆ ಕಣ್ರೀ. ಡಾಕ್ಟ್ರು ಬಿಡಿಸಿ ಹೇಳಿದ್ರು," ಎಂದರು ಅತ್ತಿಗೆ.

"ಏನಾದ್ರೂ ಆಗ್ಲಿ ಕಣೇ, ನಿನ್ ಹೊಟ್ಟೇಲಿತ್ತು. ಹಲ್ಲು ಮೂಡಿತ್ತು, ನಾನೇ ನೋಡಿದ್ನಲ್ಲ. ಒಂದಿಡಿ ಮಣ್ಣಾಕಿ ಇಬೂತಿ ಇಡಾನ. ಒಂದ್ ಹೆಸ್ರು..."

"ಯಾರಿಗ್ರೀ ಹೆಸ್ರು? ಅದ್ರಲ್ಲಿದ್ದಿದ್ದು ನಾನೇ. ನನ್ ಕೂದ್ಲು, ನನ್ ಹಲ್ಲು, ದಿಕ್ಕು ತಪ್ಪಿ ಬೆಳ್ದಿದ್ವು. ನನ್ನ ಜಡೆ ಕೂದ್ಲು ಉದ್ರಿದ್ರೆ ಗದ್ದುಗೆ ಕಟ್ಟಿಸ್ತೀರಾ?"

ದೊಡ್ಡಪ್ಪ ಕೋಲೂರಿ ಎದ್ದರು. "ಹಂಗನ್ಬ್ಯಾಡ ಕಣಮ್ಮ. ಶಾಂತಿ ಆಗ್ಬೇಕಲ್ಲ."

"ಯಾರಿಗೆ ಶಾಂತಿ, ಮಾವ?"

ಆಗ ಅಣ್ಣ, ಹರಾಜಿನ ಕಟ್ಟೆಯಲ್ಲಿ ಕೂಡ ಜೋರಾಗಿ ಮಾತಾಡಿ ಗೊತ್ತಿಲ್ಲದ ನಮ್ಮ ರೇಣುಕಪ್ರಸಾದಣ್ಣ, ನೆಲ ನೋಡುತ್ತಾ ಹೇಳಿದರು.

"ನಂಗೆ ಕಣೇ."

ಅತ್ತಿಗೆ ಗುಂಡಿಯ ಮಣ್ಣಿನ ಮೇಲೆಯೇ ಕಷ್ಟಪಟ್ಟು ಕೂತರು. ಗಂಡನ ಪಂಚೆಯ ಅಂಚು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಅಲ್ಲಿಂದ ಹೋಗಬೇಕಾಗಿತ್ತು; ಹೋಗಲಿಲ್ಲ.

"ಹಂಗಾದ್ರೆ ಹಂಗನ್ನಿ," ಎಂದರು. "ನಮ್ಗೆ ಕೂಸಾಗ್ಲಿಲ್ಲ. ಇಷ್ಟು ವರ್ಷ ಆದ್ರೂ ಇಬ್ರೂ ಒಂದ್ಕಡೆ ಕೂತು ಅದಕ್ಕೆ ಅತ್ತೇ ಇಲ್ಲ. ನೀವು ತೋಟಕ್ಕೋದ್ರಿ, ನಾನು ಅಟ್ಟ ಹತ್ತಿದೆ. ಅಳಾನ ಬನ್ನಿ, ನಾನೂ ಅಳ್ತೀನಿ. ಆದ್ರೆ ಆಗ್ದೇ ಇದ್ದಿದ್ದಕ್ಕೆ ಅಳಾನ. ಆಸ್ಪತ್ರೇಲಿ ಇರೋದಕ್ಕಲ್ಲ. ಅದನ್ನ ಇಲ್ಲಿ ತಂದಿಟ್ರೆ, ನಾಳೆ ಇಲ್ಲಿಗೆ ಬಂದಾಗೆಲ್ಲಾ ನಾನದನ್ನ ಕೊಂದೆ ಅಂತ ನೀವೂ ಅಂದ್ಕೋತೀರಿ, ನಾನೂ ಅಂದ್ಕೋತೀನಿ."

ಅಣ್ಣ ಅತ್ತರು. ದೊಡ್ಡ ಮೈಯ ಗಂಡಸು ಮೊಳಕಾಲಿನ ನಡುವೆ ಮುಖವಿಟ್ಟು ಅಳುವುದನ್ನು ನೋಡುವುದು ಸುಲಭವಲ್ಲ. ಅತ್ತಿಗೆಯೂ ಅತ್ತರು, ಸದ್ದಿಲ್ಲದೆ, ಗಂಡನ ಬೆನ್ನಿನ ಮೇಲೆ ಕೈಯಾಡಿಸುತ್ತಾ. ದೊಡ್ಡಪ್ಪ ಹೆಂಡತಿಯ ಗದ್ದುಗೆಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಅಣ್ಣ ಎದ್ದು ಗುದ್ದಲಿ ತೆಗೆದುಕೊಂಡು ಗುಂಡಿಯನ್ನು ಮುಚ್ಚಿದರು, ಕಾಲಿನಿಂದ ಮಣ್ಣನ್ನು ತುಳಿದು ಸಮ ಮಾಡಿದರು. ಅತ್ತಿಗೆ ವಿಭೂತಿಯನ್ನು ಒಯ್ದು ಅತ್ತೆಯ ಗದ್ದುಗೆಯ ಮೇಲಿಟ್ಟರು.

ಕಾರಿನ ಕಡೆ ನಡೆಯುವಾಗ ಅವರು ನನ್ನನ್ನು ನೋಡದೆ ಹೇಳಿದರು: "ಕೂಸು ಅಂತ ನಂಬಿದ್ರೆ ಚೆನ್ನಾಗಿತ್ತು ಮೇಷ್ಟ್ರೆ. ನಂಗೂ ಒಂದಿತ್ತು ಅಂತಾದ್ರೂ ಅನ್ನಬಹುದಿತ್ತು." ಅಷ್ಟೇ. ನಾನು ಯಾವ ವೈಚಿತ್ರ್ಯವನ್ನೂ ವಿಧಿಯನ್ನೂ ಪ್ರಸ್ತಾಪಿಸಲಿಲ್ಲ. ಮುಂದೆ ಅಣ್ಣ ನಡೆಯುತ್ತಿದ್ದರು, ಹೆಗಲು ಇನ್ನೂ ಅದುರುತ್ತಿತ್ತು. ಅತ್ತಿಗೆ ಹೆಜ್ಜೆ ಜೋರು ಮಾಡಿ ಅವರನ್ನು ಕೂಡಿಕೊಂಡರು.

ಇಂಥವರನ್ನು ನಾವು ಕಲ್ಲುಮನಸ್ಸಿನವರು ಎನ್ನುತ್ತೇವೆ. ತಪ್ಪನ್ನು ಅದರ ಅಳತೆಗೆ ಸರಿಯಾಗಿ ಒಪ್ಪಿಕೊಂಡು, ಅದರಾಚೆಗಿನದನ್ನು ಎಷ್ಟು ಮಮತೆಯಿಂದ ಕೊಟ್ಟರೂ ಮುಟ್ಟದೆ ಹಿಂದಕ್ಕೆ ಕಳಿಸುವ ಈ ಜನ ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ, ಮತ್ತು ಅವರ ಜೊತೆ ಬಾಳುವುದು ಕಷ್ಟ. ಉಳಿದ ನಮಗೆಲ್ಲ ಸಮಾಧಾನ ಬೇಕು, ಅದು ನಿಜವೋ ಸುಳ್ಳೋ ಎಂದು ವಿಚಾರಿಸುವಷ್ಟು ತಾಳ್ಮೆಯಿಲ್ಲ. ಸಮಾಧಾನ ಅವರಿಗ್ಯಾಕೆ ಬೇಡ, ನಮಗಿಂತ ಹೆಚ್ಚಾಗಿಯೇ ಬೇಕು; ಆದರೂ ಸುಳ್ಳಿನ ಸಮಾಧಿಯೊಂದಕ್ಕೆ ಅಂಟಿಕೊಳ್ಳುವ ಬದಲು ಅವರು ಬರಿಗೈಯಲ್ಲಿ ಮನೆಗೆ ಹಿಂದಿರುಗುತ್ತಾರೆ. ಹಾಗೆ ಬರಿಗೈಯಾಗಿ ನಡೆಯುವುದರಿಂದಲೇ, ಜೊತೆಯಲ್ಲಿ ಅಳುತ್ತಾ ಬರುವವರನ್ನು ಹಿಡಿದುಕೊಳ್ಳುವುದಕ್ಕೆ ಅವರಿಗೆ ಎರಡೂ ಕೈ ಇರುತ್ತವೆ.